ಉಡಿಯಲ್ಲಿ ಮೂರು ಸಿವುಡು

ಪೂರ್ವಿ, ಸಂಗಮೇಶ, ಮತ್ತು ಇನ್ನೂ ಓದಲು ಬಾರದ ತನ್ವಿ,

ನಾನು ಇಂಗ್ಲೆಂಡಿನಿಂದ ಬಂದ ದಿನದಿಂದ ನೀವು ಒಂದೇ ಮಾತು ಕೇಳುತ್ತಿದ್ದೀರಿ, "ಆಯಿ, ಅಲ್ಲಿ ಏನ್ ನೋಡಿದಿ?" ನಾನು "ಥಂಡಿ ಭಾಳ ಐತಿ, ಮಂದಿ ಛಲೋ ಅದಾರ" ಅಂದು ಅಡುಗೆಮನೆಗೆ ಹೋಗಿಬಿಡುತ್ತೇನೆ. ನನ್ನ ಸ್ವಭಾವ ನಿಮಗೆ ಗೊತ್ತು. ಮನೆಗೆ ಯಾರಾದರೂ ಬಂದರೆ ಬಾಗಿಲ ಮರೆಯಿಂದಲೇ ನೀರಿನ ತಂಬಿಗೆ ಮುಂದೆ ಚಾಚುವವಳು ನಾನು. ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ಸುಲಭ, ಯಾಕೆಂದರೆ ಕಾಗದ ನನ್ನ ಮುಖ ನೋಡುವುದಿಲ್ಲ. ಏಳನೆಯ ಇಯತ್ತೆವರೆಗೆ ಹನುಮಸಾಗರದ ಶಾಲೆಯಲ್ಲಿ ಕಲಿತ ಅಕ್ಷರ ಇದು, ತಪ್ಪಿದ್ದರೆ ನಗಬೇಡಿ.

ಮೊದಲೇ ಹೇಳಿಬಿಡುತ್ತೇನೆ. ಅರಮನೆ, ದೊಡ್ಡ ಗಡಿಯಾರ, ಸೇತುವೆ ಯಾವುದನ್ನೂ ನಾನು ನೋಡಲಿಲ್ಲ. ನಾಲ್ಕು ತಿಂಗಳಲ್ಲಿ ನೋಡಿದ್ದು ಒಂದು ಓಣಿ, ಒಂದು ಚರ್ಚು, ಮತ್ತು ಆ ಚರ್ಚಿನೊಳಗೆ ನೂರಾರು ವರ್ಷಗಳಿಂದ ಮಲಗಿರುವ ಒಬ್ಬ ಹೆಣ್ಣುಮಗಳು. ಇದು ಆಕೆಯ ಕತೆ.

ವಿಮಾನ ನಿಲ್ದಾಣ

ನನ್ನ ಮಗಳು ಶಾಂತಾ ನಿಮಗಿಬ್ಬರಿಗೆ ಅತ್ತೆ, ತನ್ವಿಗೆ ಅವ್ವ. ಆಕೆ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ತನ್ವಿ ಹುಟ್ಟುವ ಹೊತ್ತಿಗೆ ಬಾಣಂತನಕ್ಕೆಂದು ನನ್ನನ್ನು ಕರೆಸಿಕೊಂಡಳು. ನಾನು ನಮ್ಮೂರು ಕುಕನೂರಿನಿಂದ ಬಾಣಂತಿಯ ಮದ್ದಿಗೆಂದು ಅಳವಿ, ಸುಂಠಿ, ಬಜಿ, ಅಜವಾನ, ಇಂಗು ಎಲ್ಲ ಕಟ್ಟಿಕೊಂಡೆ. ಅರಿಷಿಣದ ಬೇರನ್ನು ಮನೆಯಲ್ಲೇ ಕುಟ್ಟಿ, ವಸ್ತ್ರಗಾಳಿಸಿ, ಒಂದು ಸ್ಟೀಲ್ ಡಬ್ಬಿ ತುಂಬ ಒಯ್ದೆ.

ಅಲ್ಲಿ ಇಳಿದಾಗ ಬಿಳಿ ಅಂಗಿಯ ಅಧಿಕಾರಿಯೊಬ್ಬರು ನನ್ನ ಚೀಲ ಬಿಚ್ಚಿಸಿದರು. ಡಬ್ಬಿ ತೆರೆದು ಅರಿಷಿಣಕ್ಕೆ ಬೆರಳು ಹಚ್ಚಿದರು. ಬೆರಳು ಹಳದಿಯಾಯಿತು. ಕರವಸ್ತ್ರಕ್ಕೆ ಒರೆಸಿದರು, ಕರವಸ್ತ್ರ ಹಳದಿಯಾಯಿತು. ಇಂಗಿನ ವಾಸನೆಗೆ ಸೀನು ಬಂದು ಅದೇ ಕರವಸ್ತ್ರದಿಂದ ಮೂಗು ಒರೆಸಿಕೊಂಡರು. ಮೂಗೂ ಕೆನ್ನೆಯೂ ಹಳದಿಯಾಗಿ, ಅರಿಷಿಣ ಹಚ್ಚಿ ಕೂರಿಸಿದ ಮದುಮಗನ ಹಾಗೆ ಕಂಡರು. ನನಗೆ ಹೆದರಿಕೆಯೂ ಬಂತು, ನಗುವೂ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಅವರು ನಾನು ಅಳುತ್ತಿದ್ದೇನೆಂದು ತಿಳಿದು, "ಸಾರಿ, ಸಾರಿ" ಅನ್ನುತ್ತ ಎಲ್ಲವನ್ನೂ ತಾವೇ ಮಡಚಿ ಇಟ್ಟು ಕಳಿಸಿದರು.

ಆ ದೇಶದಲ್ಲಿ ಈ ಮಾತು ಬಹಳ. ಅಂಗಡಿಯಲ್ಲಿ ನಾನು ಒಬ್ಬರ ಕಾಲು ತುಳಿದೆ, ಅವರೇ ನನಗೆ ಸಾರಿ ಅಂದರು. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಧನ್ಯವಾದ ಹೇಳುತ್ತಾರೆ. ನಮ್ಮ ಯಲಬುರ್ಗಾ ಬಸ್ಸಿನಲ್ಲಿ ಯಾರಾದರೂ ಹಾಗೆ ಅಂದರೆ ಡ್ರೈವರ್ ಬೆರಗಾಗಿ ಹಿಂದೆ ತಿರುಗಿ ನೋಡಿ, ಬಸ್ಸನ್ನು ಎಮ್ಮೆಯ ಮೇಲೆ ಬಿಟ್ಟಾನು.

ಡೊರತವ್ವ

ನಾನು ಹೋದ ಎರಡನೆಯ ವಾರ. ಪಕ್ಕದ ಮನೆಯ ಮುದುಕಿಯೊಬ್ಬರು ಕೂಸನ್ನು ನೋಡಲು ಬಂದರು. ಹೆಸರು ಡೊರೊತಿ. ಬೆಳ್ಳಗಿನ ಕೂದಲು, ಗಂಡಸರ ಬೂಟು, ಕಂಕುಳಲ್ಲಿ ಒಂದು ದಪ್ಪ ಪುಸ್ತಕ. ಕೂಸನ್ನು ನೋಡಿ "ಚಂದ ಅದಾಳ" ಎಂಬ ಅರ್ಥದ್ದೇನೋ ಅಂದರು, ಕುರ್ಚಿ ಎಳೆದುಕೊಂಡು ಕೂತರು, ಪುಸ್ತಕ ಬಿಚ್ಚಿ ಶಾಂತಾಳನ್ನು ಕೇಳತೊಡಗಿದರು. ಈ ಕೂಸಿನ ಅಜ್ಜನ ಹೆಸರೇನು, ಮುತ್ತಜ್ಜನ ಹೆಸರೇನು, ಯಾವ ಊರು, ಅವರಿಗೆ ಎಷ್ಟು ಮಕ್ಕಳು? ಶಾಂತಾ ಹೇಳಿದಂತೆ ಬರೆದುಕೊಂಡರು.

ನನಗೆ ತಟ್ಟನೆ ಅರ್ಥವಾಯಿತು. ಇವರು ಈ ದೇಶದ ಹೆಳವರು!

ನೀವು ಹೆಳವರನ್ನು ನೋಡಿದ್ದೀರಿ. ನಮ್ಮ ಮನೆತನದ ಹೆಳವರು ನಾಲ್ಕಾರು ವರ್ಷಕ್ಕೊಮ್ಮೆ ಬಂದು, ಅಂಗಳದಲ್ಲಿ ಕೂತು, ದೊಡ್ಡ ಪುಸ್ತಕ ಬಿಚ್ಚಿ, ನಿಮ್ಮ ಅಜ್ಜನ ಅಜ್ಜನಿಂದ ಹಿಡಿದು ಹೆಸರು ಓದಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟಾರ್ ಸೈಕಲ್ ಮೇಲೆ. ವಂಶ ಓದಿದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮಲ್ಲಿ ಇಲ್ಲ.

ನಾನು ಒಳಗೆ ಹೋಗಿ ಒಂದು ತಾಟಿನ ತುಂಬ ಅಕ್ಕಿ ಹಾಕಿ, ಮೇಲೆ ಒಂದು ಬಟ್ಟಲು ಕೊಬ್ಬರಿ, ಒಂದು ಕುಪ್ಪಸದ ಖಣ ಇಟ್ಟು ತಂದು, ಅವರ ಬೂಟಿನ ಮುಂದೆ ಇರಿಸಿ ಕೈ ಮುಗಿದೆ. ಮಾಸಿದ ಸೀರೆಯೊಂದನ್ನೂ ಕೊಡುವುದಿತ್ತು, ಆದರೆ ಪ್ಯಾಂಟು ಹಾಕಿದವರಿಗೆ ಅದೇಕೆ ಎಂದು ಬಿಟ್ಟೆ.

ಡೊರೊತಿ ಅಕ್ಕಿಯನ್ನೂ ನನ್ನನ್ನೂ ನೋಡಿದರು.

"ಯವ್ವಾ! ಏನಿದು?" ಎಂದಳು ಶಾಂತಾ.

"ವಂಶಾವಳಿ ಬರಿಯಾಕ ಬಂದಾರಲ್ಲ, ಹಂಗ ಕಳಸಬೇಕೇನು?"

"ಅವ್ರು ಸಾಲಿ ಟೀಚರ್ ಇದ್ದವ್ರು, ಬೇ! ಪೆನ್ಶನ್ ಐತಿ. ಹವ್ಯಾಸಕ್ಕ ಬರೀತಾರ!"

"ಹವ್ಯಾಸಕ್ಕ ಯಾರರ ಮಂದಿ ಮನಿ ಮುತ್ತ್ಯಾನ ಹೆಸರು ಬರೀತಾರೇನು?"

ಶಾಂತಾ ಕೆಂಪಾಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದಳು. ಡೊರೊತಿ ನಗಲಿಲ್ಲ. ಎದ್ದು ನಿಂತು, ತಾಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತಲೆ ಬಾಗಿಸಿದರು. "ಇಷ್ಟು ವರ್ಷದಲ್ಲಿ ನನ್ನ ಈ ಕೆಲಸಕ್ಕೆ ಯಾರೂ ಒಂದು ಕಾಳೂ ಕೊಟ್ಟಿಲ್ಲ" ಅಂದರಂತೆ. ಮರುದಿನ ಅದೇ ತಾಟಿನಲ್ಲಿ ಎರಡು ಸೀಸೆ ಹಣ್ಣಿನ ಮುರಬ್ಬ ಇಟ್ಟು ತಂದುಕೊಟ್ಟರು. ಆ ದಿನದಿಂದ ಅವರು ನನಗೆ ಡೊರತವ್ವ.

ಗೋಡೆಯ ತುಂಬ ಹೆಣ್ಣುಮಕ್ಕಳು

ಡೊರತವ್ವನ ಮನೆಯ ಒಂದು ಗೋಡೆಯ ತುಂಬ ಹಾಳೆಗಳನ್ನು ಅಂಟಿಸಿದ್ದರು. ಹಾಳೆಯಿಂದ ಹಾಳೆಗೆ ಕೆಂಪು ದಾರ. ಎಲ್ಲವೂ ಹೆಂಗಸರ ಹೆಸರು. ಪೆಟ್ರೊನಿಲ್ಲಾ, ಅಮೀಸ್, ಇಸೊಲ್ಡಾ, ಹವೀಸ್. ನನ್ನ ನಾಲಿಗೆಗೆ ಒಂದೂ ಒಗ್ಗಲಿಲ್ಲ. ಕೊನೆಗೆ ಎಲ್ಲರಿಗೂ ಅವ್ವ ಸೇರಿಸಿದೆ. ಪೆಟ್ರೊನಿಲ್ಲವ್ವ, ಅಮೀಸವ್ವ, ಹವೀಸವ್ವ. ಆಗ ನಮ್ಮ ಓಣಿಯವರೇ ಅನ್ನಿಸಿದರು.

ಇವರು ರಾಣಿಯರಲ್ಲ. ಶಾಂತಾ ಹೇಳಿದ ಪ್ರಕಾರ, ನಮ್ಮ ಕಡೆಯ ದೇಸಾಯರ ಮನೆಯಂಥ ಮನೆಗಳ ಹೆಣ್ಣುಮಕ್ಕಳು. ಗಂಡಸರ ಹೆಸರು, ಅವರು ಮಾಡಿದ ಯುದ್ಧ, ಅವರ ಕುದುರೆಯ ಬಣ್ಣ ಎಲ್ಲ ಬರೆದಿಟ್ಟಿದ್ದಾರೆ. ಹೆಂಡತಿಯ ಜಾಗದಲ್ಲಿ "ಹೆಂಡತಿ" ಅಂತ ಮಾತ್ರ. ಡೊರತವ್ವ ಹಳೆಯ ಕಾಗದಪತ್ರ ಹುಡುಕಿ ಆ ಹೆಸರುಗಳನ್ನು ಒಂದೊಂದಾಗಿ ಹೊರತೆಗೆಯುತ್ತಾರೆ.

ಅಲ್ಲಿನ ಪದ್ಧತಿ ಕೇಳಿ. ಆ ಕಾಲದಲ್ಲಿ ಗಂಡ ಸತ್ತರೆ ಹೆಂಡತಿಗೆ ಬದುಕಿರುವ ತನಕ ಅವನ ಹೊಲದ ಮೂರನೆಯ ಒಂದು ಪಾಲು. ಹಾಗಾಗಿ ಗಂಡ ಸತ್ತ ಹೆಂಗಸಿನ ಬಾಗಿಲಿಗೆ ಮತ್ತೆ ವರಗಳ ಸಾಲು. ಪೆಟ್ರೊನಿಲ್ಲವ್ವನಿಗೆ ಮೂರು ಮದುವೆ. ಬೇಡ ಎನ್ನಬೇಕಾದರೆ ಅರಸನ ಅಪ್ಪಣೆ ಬೇಕಾಗುತ್ತಿತ್ತಂತೆ! ನಮ್ಮಲ್ಲಿ ಮತ್ತೆ ಮದುವೆಯಾಗುತ್ತೇನೆ ಎಂದರೆ ಊರೆಲ್ಲ ಅಪ್ಪಣೆ ಕೊಡಬೇಕು, ಅಲ್ಲಿ ಆಗುವುದಿಲ್ಲ ಎನ್ನಲು.

"ಸಂಬಂಧದೊಳಗೆ ಮದುವೆಯಾಗಲೂ ದೊಡ್ಡ ಗುರುಗಳ ಅಪ್ಪಣೆ ಬೇಕಿತ್ತು, ಇಬ್ಬರ ಮುತ್ತಜ್ಜ ಒಬ್ಬನೇ ಆಗಿದ್ದರೂ ತಪ್ಪು" ಎಂದರು ಡೊರತವ್ವ. ನಾನು ನನ್ನ ಸೋದರತ್ತೆಯ ಮಗನನ್ನೇ ಮದುವೆಯಾದವಳು ಎಂದು ಶಾಂತಾ ಹೇಳಿದಾಗ ಅವರ ಕೈಯ ಪೆನ್ಸಿಲ್ ಕೆಳಗೆ ಬಿತ್ತು. ನನ್ನ ಅತ್ತೆಯೂ ಹನುಮಸಾಗರದ ಮಗಳು, ನಾನೂ ಹನುಮಸಾಗರದ ಮಗಳು, ಇಬ್ಬರನ್ನೂ ಕೊಟ್ಟಿದ್ದು ಒಂದೇ ಮನೆಗೆ. ಕುಕನೂರಿನಲ್ಲಿ ಸೊಸೆಯನ್ನು ತವರೂರಿನ ಹೆಸರಿನಿಂದಲೇ ಕರೆಯುತ್ತಾರಾದ್ದರಿಂದ ಆಕೆ ಹಿರೇ ಹನುಮಸಾಗರದಾಕಿ, ನಾನು ಸಣ್ಣ ಹನುಮಸಾಗರದಾಕಿ. ಡೊರತವ್ವ ನಮ್ಮ ವಂಶದ ಮರ ಬರೆಯಲು ಹೋದರು. ಗೆರೆಗಳು ಸುತ್ತಿ ಸುತ್ತಿ ಮೊದಲಿನ ಜಾಗಕ್ಕೇ ಬಂದು, ಅದು ಮರವಾಗದೆ ರಂಗೋಲಿಯಾಯಿತು.

ಎಲ್ಲರಿಗಿಂತ ಅವರಿಗೆ ಹತ್ತಿರದವಳು ಹವೀಸವ್ವ. ಗಂಡ ಸತ್ತ ಮೇಲೆ ತನ್ನ ಪಾಲಿನ ಹೊಲದ ಬಗ್ಗೆ ಹವೀಸವ್ವ ಬರೆಸಿದ ಒಂದು ಕಾಗದ ಉಳಿದಿದೆ. ಅದಕ್ಕೆ ತವರುಮನೆಯ ಗುರುತಿನ ಮುದ್ರೆಯನ್ನೂ ಒತ್ತಿಸಿದ್ದಾಳೆ. ಆದರೆ ಗಂಡನ ಹೆಸರು ಇದ್ದ ಮೂಲೆಯನ್ನು ಇಲಿ ತಿಂದಿದೆ. ಚರ್ಚಿನಲ್ಲಿ ಸರ್ ರಾಲ್ಫ್ ಎಂಬವನ ಪಕ್ಕ ಕಲ್ಲಿನಲ್ಲಿ ಮಲಗಿರುವವಳು ಇವಳೇ ಎಂದು ಡೊರತವ್ವನ ನಂಬಿಕೆ. ಹನ್ನೆರಡು ವರ್ಷದಿಂದ ಸಾಕ್ಷಿ ಹುಡುಕುತ್ತಿದ್ದರು.

ಈಗ ಸಮಯ ಇರಲಿಲ್ಲ. ಚರ್ಚಿನವರು ಆ ಗೋರಿಗೆ ಹೊಸ ಹಿತ್ತಾಳೆ ಫಲಕ ಮಾಡಿಸುತ್ತಿದ್ದರು. ಸೋಮವಾರ ಕೆತ್ತಲು ಕೊಡಬೇಕು. ಚರ್ಚಿನ ಉಸ್ತುವಾರಿ ನೋಡುವ ನೈಜೆಲ್ ಎಂಬ ಹಿರಿಯರು ಬರೆಸಬೇಕೆಂದಿದ್ದು ಇಷ್ಟು: ಸರ್ ರಾಲ್ಫ್ ಮತ್ತು ಆತನ ಹೆಂಡತಿ.

"ಹಿತ್ತಾಳೆಯಲ್ಲಿ ಒಮ್ಮೆ ಬರೆದರೆ ಮುಗಿಯಿತು. ಇನ್ನು ನೂರು ವರ್ಷ ಯಾರೂ ಆಕೆಯ ಹೆಸರು ಕೇಳುವುದಿಲ್ಲ" ಎಂದರು ಡೊರತವ್ವ. ಕಣ್ಣು ಒರೆಸಿಕೊಳ್ಳಲು ಅವರು ಬೆನ್ನು ತಿರುಗಿಸಿದರು. ನಾನು ಬೇರೆ ಕಡೆ ನೋಡಿದೆ.

ಚರ್ಚು

ಶುಕ್ರವಾರ ಡೊರತವ್ವ ನನ್ನನ್ನು ಚರ್ಚಿಗೆ ಕರೆದೊಯ್ದರು. ಶಾಂತಾ ಬಾಣಂತಿ, ಬರುವ ಹಾಗಿರಲಿಲ್ಲ. ನಮ್ಮಿಬ್ಬರ ನಡುವೆ ಭಾಷೆ ಇಲ್ಲ. ದಾರಿಯಲ್ಲಿ ಅವರು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ, ಇಬ್ಬರೂ ನಮ್ಮ ನಮ್ಮ ಮಂಡಿನೋವಿನ ಬಗ್ಗೆ ಮಾತಾಡಿಕೊಂಡು ಹೋದೆವು. ಪೂರ್ತಿ ತಿಳಿಯಿತು.

ಒಳಗೆ ಆಕೆ ಮಲಗಿದ್ದಳು. ಕಲ್ಲಿನ ದಿಂಬು, ಎದೆಯ ಮೇಲೆ ಮುಗಿದ ಕೈ, ಕಾಲ ಬಳಿ ಒಂದು ನಾಯಿಮರಿ. ಪಕ್ಕದಲ್ಲಿ ಕಬ್ಬಿಣದ ಅಂಗಿಯ ಗಂಡ. ಸತ್ತ ಮೇಲೂ ಆತ ಕತ್ತಿ ಬಿಟ್ಟಿಲ್ಲ. ಆಕೆಯ ಮೂಗು ಸವೆದಿತ್ತು. ಉಡಿಯ ಮೇಲೆ ತವರುಮನೆಯ ಗುರುತಿಗೆಂದು ಅಂಗೈಯಗಲದ ಒಂದು ಗುರಾಣಿ ಕೆತ್ತಿದ್ದರು, ಅದೂ ಸವೆದು ಬರೀ ಉಬ್ಬುತಗ್ಗು. ಡೊರತವ್ವ ಅದನ್ನು ಬೆರಳಿನಿಂದ ತೋರಿಸಿ, ತಲೆಯಾಡಿಸಿ, ಫೋನ್ ಬಂತೆಂದು ಹೊರಗೆ ಹೋದರು.

ನಾನು ಒಬ್ಬಳೇ ಉಳಿದೆ. ಶುಕ್ರವಾರ. ಕೈಮುಗಿದು ಮಲಗಿದ ಹೆಣ್ಣುಮಗಳ ಉಡಿ ಖಾಲಿ. ನನಗೆ ತಡೆಯಲಾಗಲಿಲ್ಲ.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನ್ನ ಉಡಿಯನ್ನು ಯಾರೂ ತುಂಬಿಲ್ಲ, ನಾನೂ ಯಾರ ಉಡಿಯನ್ನೂ ತುಂಬಿಲ್ಲ. ಅದು ಮುತ್ತೈದೆಯರ ಕೆಲಸ. ಕೂಸಿನ ತೊಟ್ಟಿಲ ದಿನವೂ ನಾನು ಅಡುಗೆಮನೆಯಲ್ಲೇ ಇದ್ದೆ. ಆದರೆ ಇಲ್ಲಿ ಬೇಡ ಅನ್ನಲು ಯಾರಿದ್ದಾರೆ? ಆಕೆಯೂ ಗಂಡನನ್ನು ಕಳೆದುಕೊಂಡವಳು, ನಾನೂ ಕಳೆದುಕೊಂಡವಳು. ನಮ್ಮಿಬ್ಬರಿಗೆ ನಾವೇ ಸರಿ.

ಶಾಂತಾಳಿಗೆ ಹಚ್ಚಲೆಂದು ಇಟ್ಟ ಅರಿಷಿಣದ ಸಣ್ಣ ಡಬ್ಬಿ ಚೀಲದಲ್ಲೇ ಇತ್ತು. ಡೊರತವ್ವನಿಗೆ ಮತ್ತೆ ಕೊಡೋಣವೆಂದು ಕಟ್ಟಿಕೊಂಡಿದ್ದ ಅಕ್ಕಿಯೂ ಇತ್ತು. ಉಡಿಯಲ್ಲಿ ಅಕ್ಕಿ ಹಾಕಿದೆ, ಜಾರಿ ನಾಯಿಮರಿಯ ಮೇಲೆ ಬಿತ್ತು. ಅಂಟಲಿ ಎಂದು ಬಾಟಲಿಯ ನೀರಿನಲ್ಲಿ ಅರಿಷಿಣ ಕಲಸಿ, ಆ ಗುರಾಣಿಯ ಮೇಲೆ ಚೆನ್ನಾಗಿ ಸವರಿ, ಅಕ್ಕಿ ಇಟ್ಟು ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ನೈಜೆಲ್ ನಿಂತಿದ್ದರು. ಅವರ ಬಾಯಿಂದ ಸಾರಿ ಬರಲಿಲ್ಲ. ಆ ದೇಶದಲ್ಲಿ ಸಾರಿ ಅನ್ನದ ಮನುಷ್ಯನನ್ನು ಮೊದಲ ಸಲ ಕಂಡೆ.

ಗದ್ದಲ ಕೇಳಿ ಡೊರತವ್ವ ಓಡಿ ಬಂದು, ಹಳದಿ ಬಣ್ಣ ನೋಡಿ ಬೆಂಚಿನ ಮೇಲೆ ಕುಸಿದರು. ನಾನು ಶಾಂತಾಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಗುಂಡಿ ಒತ್ತಿದೆ.

"ಯವ್ವಾ, ಏನ್ ಮಾಡಿದಿ? ಆ ಅಜ್ಜ ಯಾಕ ಒದರಾಕತ್ತಾನ?"

"ಏನಿಲ್ಲವ್ವ. ಉಡಿ ತುಂಬಿದೆ."

"ಯಾರ ಉಡಿ?"

"ಕಲ್ಲಿನಾಕಿದು."

ಫೋನಿನಲ್ಲಿ ಕೂಸು ಅಳತೊಡಗಿತು. "ಯವ್ವಾ, ಅದು ಭಾಳ ಹಳೇ ಗೋರಿ! ಮುಟ್ಟಂಗಿಲ್ಲ ಅದನ್ನ! ಒರಸು ಲಗೂನ!"

ಸೆರಗು ನೀರಲ್ಲಿ ಅದ್ದಿ ಒರೆಸಿದೆ. ಮೇಲಿನದು ಹೋಯಿತು. ತಗ್ಗಿನಲ್ಲಿ ಕೂತದ್ದು ಹೋಗಲಿಲ್ಲ. ಒರೆಸುತ್ತ ಒರೆಸುತ್ತ ಬೂದುಗಲ್ಲಿನ ಮೇಲೆ ಹಳದಿ ಗೆರೆಗಳು ಎದ್ದು ಬಂದವು, ಯಾರೋ ಈಗ ತಾನೇ ಬರೆದ ಹಾಗೆ. ನಾನು ಒರೆಸುವುದನ್ನು ನಿಲ್ಲಿಸಿದೆ.

"ಶಾಂತಾ, ಇಲ್ಲಿ ಸಿವುಡು ಅದಾವು."

"ಏನದಾವು?"

"ಸಿವುಡ. ಜೋಳ ಕೊಯ್ದು ಕಟ್ಟತೀವಲ್ಲ, ಆ ಸಿವುಡ. ಮೂರ್ ಅದಾವು. ಮ್ಯಾಲ ಎರಡು, ಕೆಳಗ ಒಂದು."

"ಈಗ ಹೊಲದ್ ಮಾತು ಯಾಕ ಬೇ!" ಎಂದು ಬೈಯುತ್ತಲೇ ಆಕೆ ಇಂಗ್ಲಿಷಿನಲ್ಲಿ ಹೇಳಿದಳು. ಬೆಂಚಿನ ಮೇಲಿದ್ದ ಡೊರತವ್ವ ಒಮ್ಮೆಲೇ ಎದ್ದರು, ಮಂಡಿನೋವು ಎಲ್ಲಿ ಹೋಯಿತೋ. ಹವೀಸವ್ವನ ಕಾಗದದ ಮುದ್ರೆಯಲ್ಲಿ ಇದ್ದದ್ದೂ ಅದೇ, ಮೂರು ಸಿವುಡು. ಅವರು ನನಗೆ ಅದನ್ನು ಹೇಳಿಯೂ ಇರಲಿಲ್ಲ, ತೋರಿಸಿಯೂ ಇರಲಿಲ್ಲ.

ಭಾನುವಾರದ ಚಹಾ

ಪ್ರಾರ್ಥನೆ ಮುಗಿದ ಮೇಲೆ ಅಲ್ಲಿ ಎಲ್ಲರೂ ಚರ್ಚಿನ ಹಿಂಭಾಗದಲ್ಲಿ ನಿಂತು ಚಹಾ ಕುಡಿಯುತ್ತಾರೆ. ಆ ಚಹಾ ಬಗ್ಗೆ ಏನೂ ಬರೆಯುವುದಿಲ್ಲ, ಅವರು ಪ್ರೀತಿಯಿಂದ ಕೊಟ್ಟರು. ಅಲ್ಲಿನ ಗುರುಗಳು ಹೆಂಗಸು! ಕೊರಳಿಗೆ ಬಿಳಿ ಪಟ್ಟಿ, ಕಾಲಿಗೆ ಆಟದ ಬೂಟು. ನಮ್ಮ ಮಠದಲ್ಲಿ ಹಾಗೆ ಯಾರಾದರೂ ಕೂತರೆ ಏನಾದೀತೆಂದು ಯೋಚಿಸಿ ಒಳಗೊಳಗೇ ನಕ್ಕೆ. ಫಲಕದ ಮಾತು ಅಂದೇ ಮುಗಿಯಬೇಕಿತ್ತು. ಶಾಂತಾ ಕೂಸನ್ನು ಎದೆಗೆ ಕಟ್ಟಿಕೊಂಡು ಬಂದಿದ್ದಳು, ನನ್ನನ್ನು ಪೊಲೀಸರು ಒಯ್ಯದಿರಲಿ ಎಂದು.

ನೈಜೆಲ್ ಸಿಟ್ಟಿನಲ್ಲೇ ಮಾತಾಡಿದರು. "ಮೊದಲು ಬಂದ ಪಂಡಿತರು ಮೂರು ಮೀನು ಅಂದರು. ನನಗೆ ಕಾಣುವುದು ಮೂರು ಗರಿ. ಡೊರೊತಿಗೆ ಸಿವುಡು ಬೇಕಿತ್ತು, ಸಿವುಡು ಕಂಡಿದೆ. ಈ ಹೆಂಗಸಿಗೆ ಮೊದಲೇ ಹೇಳಿಕೊಟ್ಟಿರಬೇಕು." ಡೊರತವ್ವ ತಲೆಯಾಡಿಸಿ, ಆಕೆಯನ್ನೇ ಕೇಳಿ ಎಂದು ನನ್ನ ಕಡೆ ಕೈ ತೋರಿಸಿದರು.

"ಯವ್ವಾ, ನಿನಗ ಕೇಳಾಕತ್ತಾರ" ಎಂದಳು ಶಾಂತಾ. "ಅದು ಗರಿ ಅಲ್ಲ, ಸಿವುಡ ಅಂತ ಹೆಂಗ ಹೇಳ್ತಿ ಅಂತ."

ಮೂವತ್ತು ಮಂದಿ ನನ್ನನ್ನು ನೋಡುತ್ತಿದ್ದರು. ಬಾಗಿಲ ಮರೆ ಹುಡುಕಿದೆ. ಆ ಚರ್ಚಿನ ಬಾಗಿಲು ಬಹಳ ದೂರ ಇತ್ತು.

ಮೂಲೆಯಲ್ಲಿ ಹೂದಾನಿಯೊಂದರಲ್ಲಿ, ಸುಗ್ಗಿಯ ಪ್ರಾರ್ಥನೆಗೆಂದು ಅಲಂಕಾರಕ್ಕೆ ಇಟ್ಟ ಒಣ ಗೋಧಿಯ ತೆನೆಗಳಿದ್ದವು. ಮಾತಾಡುವುದಕ್ಕಿಂತ ಅದು ಸುಲಭ ಅನ್ನಿಸಿತು. ಹೋಗಿ ಪೂರ್ತಿ ಕಿತ್ತುಕೊಂಡೆ. ಹೂ ಜೋಡಿಸುವ ಹೆಂಗಸೊಬ್ಬರು "ಅಯ್ಯೋ" ಎಂದರು. ಅದು ಎಲ್ಲ ಭಾಷೆಯಲ್ಲೂ ಒಂದೇ ತರಹ ಕೇಳುತ್ತದೆ. ಕೆಳಗೆ ಕೂತು, ನಾಲ್ಕು ದಂಟು ಹೊಸೆದು ಕಟ್ಟು ಮಾಡಿ, ಉಳಿದದ್ದನ್ನು ಮೊಣಕಾಲಿನಲ್ಲಿ ಒತ್ತಿ, ನಡುವಿಗಿಂತ ತುಸು ಕೆಳಗೆ ಬಿಗಿದು, ತುದಿಯನ್ನು ತಿರುವಿ ಒಳಗೆ ಸೇರಿಸಿದೆ. ಎಂಟು ವರ್ಷದವಳಿದ್ದಾಗ ನಮ್ಮವ್ವ ಹೊಲದಲ್ಲಿ ಕಲಿಸಿದ್ದು. ಕೈ ಮರೆತಿರಲಿಲ್ಲ. ಸಿವುಡನ್ನು ತಂದು ಚಹಾದ ಮೇಜಿನ ಮೇಲೆ ಕಪ್ಪುಗಳ ನಡುವೆ ನಿಲ್ಲಿಸಿದೆ. ಬುಡ ಅಗಲಿಸಿಕೊಂಡು, ತೆನೆ ಎರಡೂ ಕಡೆ ಬಾಗಿ, ನೆಟ್ಟಗೆ ನಿಂತಿತು.

"ಗರಿ ಬುಡಕ್ಕ ಒಂದ ಕಡ್ಡಿ ಇರತೈತ್ರಿ" ಎಂದೆ ನೆಲ ನೋಡುತ್ತ. "ಇದಕ್ಕ ನೋಡ್ರಿ, ಕಟ್ಟಿನ ಕೆಳಗ ದಂಟು ಅಗಲ ಆಗ್ಯಾವ. ಕಲ್ಲಿನ್ಯಾಗೂ ಹಂಗ ಐತಿ. ಮೀನಿಗೆ ಯಾರರ ನಡ ಕಟ್ಟತಾರೇನ್ರಿ?"

ಶಾಂತಾ ಇಂಗ್ಲಿಷಿನಲ್ಲಿ ಹೇಳಿದಾಗ ಗುರುಗಳು ನಕ್ಕರು, ಸಿವುಡನ್ನು ಎತ್ತಿಕೊಂಡು ಗೋರಿಯ ಕಡೆ ನಡೆದರು. ಎಲ್ಲರೂ ಕಪ್ಪು ಹಿಡಿದೇ ಹಿಂದೆ ಹೋದರು. ಹಳದಿ ಗೆರೆಯ ಪಕ್ಕ ಹಿಡಿದು ನೋಡಿದರು. ಬುಡ, ಕಟ್ಟು, ಬಾಗಿದ ತೆನೆ. ಮೂರೂ ಹೊಂದಿದವು.

ನೈಜೆಲ್ ಬಹಳ ಹೊತ್ತು ಬಾಗಿ ನೋಡಿ, ಸಿವುಡಿನ ಗಂಟನ್ನು ಬೆರಳಿನಿಂದ ಮುಟ್ಟಿದರು. "ನಮ್ಮ ಅಜ್ಜ ಹೀಗೇ ಕಟ್ಟುತ್ತಿದ್ದ, ತುದಿ ತಿರುವಿ ಒಳಗೆ ಸೇರಿಸಿ" ಎಂದರಂತೆ. ಆಮೇಲೆ ನನ್ನ ಕಡೆ ತಿರುಗಿ ಆ ಮಾತು ಹೇಳಿದರು, ಸಾರಿ. ಜೊತೆಗೆ ಒಂದು ಪ್ರಶ್ನೆ ಕೇಳಿದರು, ಈ ಹಳದಿ ಹೋಗುತ್ತದೆಯೇ?

"ಬಿಸಿಲು ಬಿದ್ರ ತಾನ ಹೋಗತೈತ್ರಿ" ಎಂದೆ.

ಶಾಂತಾ ಹೇಳಿದ ಕೂಡಲೇ ಎಲ್ಲರೂ ಕಿಟಕಿಯ ಕಡೆ ನೋಡಿದರು. ಹೊರಗೆ ಮಳೆ ಸುರಿಯುತ್ತಿತ್ತು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಆ ಊರಿನಲ್ಲಿ ಆ ಹಳದಿ ಇನ್ನೂ ಇದ್ದೇ ಇದೆ, ಡೊರತವ್ವ ಫೋಟೋ ಕಳಿಸಿದ್ದಾರೆ. ಅದರ ಕೆಳಗೆ ಹಿತ್ತಾಳೆ ಫಲಕವೂ ಕಾಣುತ್ತದೆ. ಅದರಲ್ಲಿ ರಾಲ್ಫನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಹವೀಸವ್ವನ ಹೆಸರು. ಅವ್ವ ಮಾತ್ರ ಬರೆಸಿಲ್ಲ.

ನಾನು ಹೊರಡುವ ಹಿಂದಿನ ದಿನ ಡೊರತವ್ವ ನನ್ನ ಎದುರು ಪುಸ್ತಕ ಬಿಚ್ಚಿ ಕೂತರು. ಈ ಸಲ ಕೇಳಿದ್ದು ಗಂಡಸರ ಹೆಸರಲ್ಲ. ನಿನ್ನ ಹೆಸರು? ಹೇಳಿದೆ. ತಾಯಿಯ ಹೆಸರು? ಹೇಳಿದೆ. ಆಕೆಯ ತಾಯಿ? ಅದೂ ನೆನಪಿತ್ತು. ಆಕೆಯ ತಾಯಿ? ಕಾರಟಗಿ ಕಡೆಯಿಂದ ಬಂದವಳು ಎಂದಷ್ಟೇ ಗೊತ್ತು. ನೂರಾರು ವರ್ಷದ ಹಿಂದಿನ, ಏಳು ಸಮುದ್ರದ ಆಚೆಯ ಹವೀಸವ್ವನ ತವರು ಗೊತ್ತಾಗಿತ್ತು ನನಗೆ. ನನ್ನ ಅಜ್ಜಿಯ ತಾಯಿಯ ಹೆಸರು ಗೊತ್ತಿರಲಿಲ್ಲ.

"ನಿಮ್ಮ ಹೆಳವರ ಪುಸ್ತಕದಲ್ಲಿ ಇರುತ್ತದಲ್ಲ?" ಎಂದರು ಡೊರತವ್ವ.

ಕುಕನೂರು

ಹೋದ ತಿಂಗಳು ನಮ್ಮ ಹೆಳವರು ಬಂದದ್ದು ನಿಮಗೆ ನೆನಪಿದೆ. ನಿಮ್ಮ ಅಪ್ಪ ಕೂತು ಕೇಳುತ್ತಿದ್ದ. ನಾನು ಮೊದಲಿನ ಹಾಗೆ ಬಾಗಿಲ ಮರೆಯಲ್ಲಿದ್ದೆ. ಅವರು ರಾಗವಾಗಿ ಓದುತ್ತ ಬಂದು, ನಿಮ್ಮ ಮುತ್ತಜ್ಜನ ಹೆಸರು ಹೇಳಿ, "ಆತಗ ಹೆಂಡ್ತಿ ಹನುಮಸಾಗರದಾಕಿ" ಎಂದರು. ಆಮೇಲೆ ನಿಮ್ಮ ಅಜ್ಜನ ಹೆಸರು, "ಆತನ ಮಗ ಅಮರಪ್ಪ. ಅಮರಪ್ಪಗ ಹೆಂಡ್ತಿ ಹನುಮಸಾಗರದಾಕಿ."

ನಾನು ಅಂಗಳಕ್ಕೆ ಬಂದೆ. ನಿಮ್ಮ ಅಪ್ಪ ಚಹಾ ತಂದೆನೆಂದು ತಿಳಿದು ಕೈ ಚಾಚಿದ.

"ಹೆಳವರ, ಒಂದ್ ಮಾತು ಕೇಳ್ಲೇನ್ರಿ?" ಎಂದೆ. "ನಿಮ್ಮ ಬುಕ್ಕಿನ್ಯಾಗ ಹಿಂಗ ಇದ್ರ, ಮುಂದ ಓದಿದವ್ರು ಏನ್ ತಿಳ್ಕೊಂತಾರ? ಒಬ್ಬಾಕೀನ ಅಪ್ಪನ್ನೂ ಮದಿವಿ ಆಗ್ಯಾಳ, ಮಗನ್ನೂ ಮದಿವಿ ಆಗ್ಯಾಳ ಅಂತಾರ!"

ಹೆಳವರ ಬಾಯಲ್ಲಿದ್ದ ಎಲೆ‌ಅಡಿಕೆ ಹೊರಬಂತು. "ಯಕ್ಕಾ, ಛೇ, ಹಂಗ್ಯಾಕ ಅಂತೀರಿ!"

"ನಾ ಅನ್ನಾಕತ್ತಿಲ್ರಿ, ನಿಮ್ ಬುಕ್ ಅನ್ನಾಕತ್ತೈತಿ."

"ಹೆಣ್ಮಕ್ಕಳು ಕೊಟ್ಟ ಮನಿ ಬುಕ್ಕಿಗೆ ಹೋಗ್ತಾರಕ್ಕಾ. ಅದು ಪದ್ಧತಿ."

"ತವರಿನ ಬುಕ್ಕಿನ್ಯಾಗ ಕುಕನೂರಿಗೆ ಕೊಟ್ಟೈತಿ ಅಂತೈತಿ. ಈ ಬುಕ್ಕಿನ್ಯಾಗ ಹನುಮಸಾಗರದಾಕಿ ಅಂತೈತಿ. ಎರಡರಾಗೂ ಹೆಸರಿಲ್ಲ. ನಡುವ ಎಲ್ಲಿ ಹೋದ್ಲರಿ ಆಕಿ? ಇನ್ನಾ ಬಸ್ಸಿನ್ಯಾಗ ಕುಂತಾಳೇನು?"

ಪೂರ್ವಿ, ನೀನು ಎಷ್ಟು ಜೋರಾಗಿ ನಕ್ಕೆಯೆಂದರೆ ಹೆಳವರೂ ನಕ್ಕುಬಿಟ್ಟರು. ಪೆನ್ನು ತೆಗೆದು, ಎರಡು ಸಾಲಿನ ನಡುವಿನ ಸಣ್ಣ ಜಾಗದಲ್ಲಿ ನನ್ನ ಅತ್ತೆಯ ಹೆಸರು ಬರೆದರು, ನನ್ನ ಹೆಸರು ಬರೆದರು. ನಮ್ಮವ್ವನದೂ ಬರೆಯಿರಿ ಎಂದೆ. "ಆಕಿ ಈ ಮನಿಯಾಕಿ ಅಲ್ಲಕ್ಕಾ, ಜಾಗಾನೂ ಇಲ್ಲ" ಎಂದರು. ಅವರದ್ದು ತಪ್ಪಲ್ಲ, ನಿಜವಾಗಿಯೂ ಜಾಗ ಇರಲಿಲ್ಲ. ನಾನೇ ತಾಟಿನ ತುಂಬ ಜೋಳ ತಂದು ಕೊಟ್ಟೆ.

ಅದಕ್ಕೇ ಈ ಹಾಳೆಗಳು. ಇಲ್ಲಿ ಜಾಗ ಬೇಕಾದಷ್ಟಿದೆ.

ನನ್ನ ಹೆಸರು ಶಂಕ್ರವ್ವ. ನನ್ನ ತಾಯಿ ಗೌರವ್ವ, ಸಿವುಡು ಕಟ್ಟಲು ಕಲಿಸಿದವಳು. ಆಕೆಯ ತಾಯಿ ಬಾಳವ್ವ, ಬಹಳ ಮಾತಿನವಳು, ನನ್ನ ಹಾಗಲ್ಲ. ಆಕೆಯ ತಾಯಿ ಕಾರಟಗಿ ಕಡೆಯವಳು, ಹೆಸರು ತಿಳಿಯದು. ಆಕೆಗೆಂದು ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ನಿಮಗೆ ಎಂದಾದರೂ ಗೊತ್ತಾದರೆ ತುಂಬಿರಿ. ಆಮೇಲೆ ಶಾಂತಾಳ ಹೆಸರು, ಪೂರ್ವಿಯ ಹೆಸರು, ತನ್ವಿಯ ಹೆಸರು ಸೇರಿಸಿರಿ. ಸಂಗಮೇಶ, ನಿನ್ನ ಹೆಸರು ಹೆಳವರ ಪುಸ್ತಕದಲ್ಲಿ ದೊಡ್ಡದಾಗಿ ಇದೆ, ಸಿಟ್ಟಾಗಬೇಡ. ಈ ಹಾಳೆಗಳನ್ನು ಕಾಯುವ ಕೆಲಸ ನಿನ್ನದು.

ಮಾಡಿನ ಕೆಳಗೆ ಇಡಬೇಡ, ಅಲ್ಲಿ ಇಲಿ ಇವೆ. ಇಲಿ ಏನು ತಿನ್ನುತ್ತದೆಂದು ನಾನು ನೋಡಿ ಬಂದಿದ್ದೇನೆ. ಕಬ್ಬಿಣದ ಟ್ರಂಕಿನಲ್ಲಿ, ನನ್ನ ಧಾರೆ ಸೀರೆಯ ಮಡಿಕೆಯೊಳಗೆ ಇಡು. ಹಾಳೆಯ ಅಂಚು ಹಳದಿಯಾಗಿದ್ದರೆ ಹಳತಾಯಿತೆಂದು ಎಸೆಯಬೇಡ. ಹುಳ ಹತ್ತದಿರಲಿ ಎಂದು ನಾನೇ ಅರಿಷಿಣ ಸವರಿದ್ದೇನೆ.

ಆ ಟ್ರಂಕಿಗೆ ಬಿಸಿಲು ತಾಗುವುದಿಲ್ಲ.